ಪರಾಗದ ಕೋಣೆಗಳು: ವಿಯೆನ್ನಾದ 1500ನ್ನೂ ಜಪಾನಿನ 8000ವನ್ನೂ ಒಂದೇ ಪಟ್ಟಿಯಲ್ಲಿ ಇಡಬಹುದಾ?

ಅಡಿಟಿಪ್ಪಣಿ (ಚರ್ಚೆ ಶುರು ಮಾಡಿದವರು)

ಔಷಧ ಪ್ರಯೋಗಗಳನ್ನು ಓದಿ ಚರ್ಚಿಸುವ ಸಣ್ಣ ಗುಂಪೊಂದರಲ್ಲಿ ಈ ಸಲ ಮಂಡಿಸುವ ಸರದಿ ನನ್ನದು. ವಿಷಯ, ಅಲರ್ಜಿ ಔಷಧಿಗಳನ್ನು ಪರೀಕ್ಷಿಸುವ ಪರಾಗದ ಕೋಣೆಗಳು.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಪರಾಗದ ಅಲರ್ಜಿಗೆ ಹೊಸ ಮಾತ್ರೆಯನ್ನೋ ಸ್ಪ್ರೇಯನ್ನೋ ಪರೀಕ್ಷಿಸಬೇಕಾದರೆ ಗಿಡ ಹೂ ಬಿಡುವವರೆಗೆ ಕಾಯಬೇಕು. ಆ ವರ್ಷ ಮಳೆ ಹಿಡಿದುಕೊಂಡರೆ ಪರಾಗ ಹಾರುವುದೇ ಇಲ್ಲ. ಹಾರಿದ ದಿನ ಪ್ರಯೋಗಕ್ಕೆ ಸೇರಿದವರು ಕಿಟಕಿ ಮುಚ್ಚಿಕೊಂಡು ಒಳಗೇ ಕೂತಿರುತ್ತಾರೆ. ಪರಾಗ ಎಣಿಸುವ ಯಂತ್ರವೋ, ಊರಿನ ಇನ್ಯಾವುದೋ ಕಟ್ಟಡದ ಮಾಳಿಗೆ ಮೇಲೆ. ಈ ರಗಳೆಯೇ ಬೇಡವೆಂದು ಒಂದು ಕೋಣೆ ಕಟ್ಟಿ, ಅದರ ಗಾಳಿಗೆ ಅಳತೆ ಮಾಡಿದ ಪರಾಗ ಬಿಟ್ಟು, ಅಲರ್ಜಿ ಇರುವವರನ್ನು ಗಂಟೆಗಟ್ಟಲೆ ಅಲ್ಲಿ ಕೂರಿಸಿ, ಔಷಧಿ ಕೊಟ್ಟು ನೋಡುತ್ತಾರೆ. ಎಕ್ಸ್‌ಪೋಷರ್ ಚೇಂಬರ್ ಅಂದರೆ ಇದೇ.

ಈವರೆಗೆ ಕಲೆಹಾಕಿದ್ದು ಇಷ್ಟು. ವಿಯೆನ್ನಾದ ಚೇಂಬರ್ 1980ರ ದಶಕದ್ದು. ಹುಲ್ಲಿನ ಪರಾಗ, ಘನ ಮೀಟರ್ ಗಾಳಿಗೆ ಸುಮಾರು 1500 ಕಣ, ಒಮ್ಮೆಗೆ ಹದಿನೈದರ ಆಸುಪಾಸು ಜನ, ಹೆಚ್ಚಾಗಿ ಆರು ಗಂಟೆ. ಕೆನಡಾದ ಕಿಂಗ್‌ಸ್ಟನ್‌ನಲ್ಲಿರುವುದೂ ಅದೇ ಕಾಲದ್ದು. ಅಲ್ಲಿ ಮುಖ್ಯವಾಗಿ ರ‍್ಯಾಗ್‌ವೀಡ್ ಎಂಬ ಕಳೆಗಿಡದ ಪರಾಗ, 3500 ಕಣ (500 ಆಚೀಚೆ), ನೂರಕ್ಕೂ ಹೆಚ್ಚು ಜನ ಒಟ್ಟಿಗೆ ಕೂರುವಷ್ಟು ದೊಡ್ಡದು. ಜರ್ಮನಿಯ ಹ್ಯಾನೊವರ್‌ನಲ್ಲಿ ಫ್ರೌನ್‌ಹೋಫರ್ ಸಂಸ್ಥೆಯವರದು: ಡ್ಯಾಕ್ಟಿಲಿಸ್ ಹುಲ್ಲು, 4000 ಕಣ, ನಾಲ್ಕು ಗಂಟೆ. ಜಪಾನಿನಲ್ಲಿ ಚೀಬಾ, ಟೋಕಿಯೊ, ವಾಕಯಾಮಾ ಮುಂತಾದ ಕಡೆ ಇವೆ. ಅಲ್ಲಿ ಸೀಡರ್ ಮರದ ಪರಾಗ, 8000 ಕಣದವರೆಗೆ, ಮೂರು ಗಂಟೆ. ಆ ಮರಕ್ಕೆ ಅವರು ‘ಸುಗಿ’ ಅನ್ನುತ್ತಾರೆ. ಸುಗಿಯ ಸುಗ್ಗಿಯಲ್ಲಿ ಇಡೀ ದೇಶವೇ ಸೀನುತ್ತದಂತೆ.

ನನ್ನ ಪ್ರಶ್ನೆ: 8000 ಕಣದ ನಡುವೆ ಕೆಲಸ ಮಾಡಿದ ಔಷಧಿ 1500ರಲ್ಲಿ ಕೆಲಸ ಮಾಡಿದ್ದಕ್ಕಿಂತ ಗಟ್ಟಿ ಅನ್ನಬಹುದಾ? ಕೋಣೆಗಳನ್ನು ಕಷ್ಟದ ಮೇಲೆ ಒಂದು, ಎರಡು, ಮೂರು ಅಂತ ಜೋಡಿಸಿ ಇಡಬೇಕು ಅಂದುಕೊಂಡಿದ್ದೇನೆ.

ಗಾಳಿಪಟ

ಹಾಗೆ ಜೋಡಿಸಬೇಡಿ. ಕಣದ ಲೆಕ್ಕ ಕೇಳಲು ಚೆನ್ನಾಗಿರುತ್ತದೆ, ಅಷ್ಟೇ.

ಗಾಳಿಯಲ್ಲಿ ತೇಲುವ ಧೂಳು, ಹನಿ ಇತ್ಯಾದಿ ಅಳೆಯುವುದೇ ನನ್ನ ಕೆಲಸ, ಹಾಗಾಗಿ ಮೊದಲು ಒಂದು ಗುಣಾಕಾರ ಮಾಡೋಣ. ಸುಮ್ಮನೆ ಕೂತ ಮನುಷ್ಯ ನಿಮಿಷಕ್ಕೆ ಹೆಚ್ಚುಕಡಿಮೆ 7 ಲೀಟರ್ ಗಾಳಿ ಎಳೆದುಕೊಳ್ಳುತ್ತಾನೆ, ಗಂಟೆಗೆ 0.42 ಘನ ಮೀಟರ್. ವಿಯೆನ್ನಾದಲ್ಲಿ ಆರು ಗಂಟೆ ಕೂತರೆ ಸುಮಾರು 3800 ಕಣ. ಹ್ಯಾನೊವರ್‌ನ ನಾಲ್ಕು ಗಂಟೆಗೆ 6700. ಜಪಾನಿನ ಮೂರು ಗಂಟೆಗೆ 10,000. ಕಿಂಗ್‌ಸ್ಟನ್‌ನಲ್ಲಿ ಮೂರು ಗಂಟೆ ಕೂತಿದ್ದಾರೆ ಅಂತಿಟ್ಟುಕೊಂಡರೆ 4400. ನಿಮ್ಮ ಪಟ್ಟಿಯಲ್ಲಿ ಐದು ಪಟ್ಟಿಗೂ ಮೀರಿ ಕಾಣುತ್ತಿದ್ದ ವ್ಯತ್ಯಾಸ ಎರಡೂವರೆ ಪಟ್ಟಿಗೆ ಇಳಿಯಿತು.

ಅದರ ಮೇಲೆ, ಒಂದು ಕಣ ಹುಲ್ಲಿನ ಪರಾಗವೂ ಒಂದು ಕಣ ಸೀಡರ್ ಪರಾಗವೂ ಸಮವಲ್ಲ. ಗಾತ್ರ ಬೇರೆ, ಒಳಗಿರುವ ಅಲರ್ಜಿಕಾರಕ ಪ್ರೋಟೀನೇ ಬೇರೆ, ಕಣವೊಂದರಿಂದ ಅದು ಎಷ್ಟು ಹೊರಬರುತ್ತದೆ ಅನ್ನುವುದೂ ಬೇರೆ. ಒಂದು ನಿಂಬೆಹಣ್ಣನ್ನೂ ಒಂದು ಕುಂಬಳಕಾಯಿಯನ್ನೂ ‘ಎರಡು ಕಾಯಿ’ ಅಂತ ಕೂಡಿಸಿದ ಹಾಗಾಗುತ್ತದೆ.

ಸುಮ್ನೆ_ನೋಡ್ದೋನು

ಅಡ್ಡ ಪ್ರಶ್ನೆ. ಪರಾಗ ಅಷ್ಟು ಹೊತ್ತು ಗಾಳಿಯಲ್ಲೇ ಇರುತ್ತಾ? ನೆಲಕ್ಕೆ ಬೀಳಲ್ವಾ?

ಗಾಳಿಪಟ

ಬೀಳುತ್ತದೆ, ತುಂಬಾ ಬೇಗ ಬೀಳುತ್ತದೆ. ಈ ಕೋಣೆಗಳ ಎಂಜಿನಿಯರಿಂಗ್ ಎಲ್ಲ ಇರುವುದೇ ಅದನ್ನು ಬೀಳದಂತೆ ನೋಡಿಕೊಳ್ಳಲು.

ರ‍್ಯಾಗ್‌ವೀಡ್ ಕಣ ಸುಮಾರು 20 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ನಿಶ್ಚಲ ಗಾಳಿಯಲ್ಲಿ ಸೆಕೆಂಡಿಗೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಇಳಿಯುತ್ತದೆ. ಕೂತವರ ಮೂಗಿನ ಮಟ್ಟದಿಂದ ನೆಲಕ್ಕೆ ಸುಮಾರು ಒಂದೂವರೆ ನಿಮಿಷ ಸಾಕು. ಹುಲ್ಲಿನ ಪರಾಗ 30-35 ಮೈಕ್ರಾನ್, ಅದು ಇನ್ನೂ ಭಾರ, ಅರ್ಧ ನಿಮಿಷದಲ್ಲಿ ನೆಲ ಕಾಣುತ್ತದೆ. ಹಾಗಾಗಿ ಆರು ಗಂಟೆಯೂ ಬಿಡುವಿಲ್ಲದೆ ಹೊಸ ಪರಾಗ ಉಣಿಸುತ್ತಿರಬೇಕು, ಫ್ಯಾನ್‌ಗಳು ಕಲಕುತ್ತಿರಬೇಕು, ತೇವಾಂಶ ಮತ್ತು ಉಷ್ಣತೆ ಹಿಡಿತದಲ್ಲಿರಬೇಕು. ತೇವ ಹೆಚ್ಚಾದರೆ ಕಣಗಳು ಒಂದಕ್ಕೊಂದು ಅಂಟಿಕೊಂಡು ಉಂಡೆಯಾಗಿ ಬೀಳುತ್ತವೆ.

ಮೂಲೆಯ ಕುರ್ಚಿಗೂ ಮಧ್ಯದ ಕುರ್ಚಿಗೂ ಒಂದೇ ಸಾಂದ್ರತೆ ಇದೆಯಾ ಅನ್ನುವುದೇ ನಿಜವಾದ ಪರೀಕ್ಷೆ. ಕಿಂಗ್‌ಸ್ಟನ್‌ನವರು ಕೋಣೆಯ ಬೇರೆ ಬೇರೆ ಜಾಗದಲ್ಲಿ ರೋಟೊರಾಡ್ ಇಡುತ್ತಾರೆ. ಗ್ರೀಸು ಬಳಿದ ಎರಡು ತೆಳು ಕಡ್ಡಿಗಳು ನಿಮಿಷಕ್ಕೆ 2400 ಸುತ್ತು ತಿರುಗುತ್ತವೆ, ದಾರಿಗೆ ಬಂದ ಕಣ ಅಂಟಿಕೊಳ್ಳುತ್ತದೆ. ಆಮೇಲೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಎಣಿಸುವುದು. ನೂರು ಜನ ಕೂರುವ ಹಾಲ್‌ನಲ್ಲಿ ಗಾಳಿಯನ್ನು ಸಮವಾಗಿಡುವುದು ಹದಿನೈದು ಜನರ ಕೋಣೆಗಿಂತ ಎಷ್ಟೋ ಕಷ್ಟ. ನನ್ನನ್ನು ಕೇಳಿದರೆ ಪಟ್ಟಿಯಲ್ಲಿ ಕಣದ ಸಂಖ್ಯೆಯ ಜಾಗಕ್ಕೆ ‘ಕುರ್ಚಿಯಿಂದ ಕುರ್ಚಿಗೆ ಎಷ್ಟು ಏರುಪೇರು’ ಅನ್ನುವುದು ಬರಬೇಕು.

(ನನ್ನ ಹೆಸರಿಗೂ ಈ ವಿಷಯಕ್ಕೂ ನಂಟಿದೆ. ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ ಎಂಬ ವೈದ್ಯ ಅಂಟು ಬಳಿದ ಗಾಜಿನ ಪಟ್ಟಿಗಳನ್ನು ಗಾಳಿಪಟಕ್ಕೆ ಕಟ್ಟಿ ಹಾರಿಸಿ, ಮೇಲಿನ ಗಾಳಿಯಲ್ಲೂ ಪರಾಗ ಇದೆ ಎಂದು ತೋರಿಸಿದ. 1873ರಲ್ಲಿ ಪ್ರಕಟಿಸಿದ. ತನ್ನದೇ ಮೂಗಿಗೆ ಪರಾಗ ಹಾಕಿಕೊಂಡು ನೋಡಿದವನೂ ಅವನೇ. ಮೊದಲ ಚೇಂಬರ್ ಅವನ ಮೂಗು.)

ಮೂಗುದಾರ

ಒಳಗೆ ಕೂತು ಬಂದವನು ನಾನು. ಯಾವ ಊರಿನ ಯಾವ ಚೇಂಬರ್ ಅಂತ ಹೇಳುವುದಿಲ್ಲ, ಸಹಿ ಹಾಕಿ ಕೊಟ್ಟಿದ್ದೇನೆ. ಆದರೆ ಅನುಭವ ಹೇಳಬಹುದು.

ಚಳಿಗಾಲದಲ್ಲಿ ಕರೆದರು, ಹೊರಗೆ ಪರಾಗ ಇಲ್ಲದ ಹೊತ್ತಿಗೆ. ಬಟ್ಟೆಯ ಮೇಲೆ ಕಾಗದದಂಥ ನಿಲುವಂಗಿ, ತಲೆಗೆ ಟೋಪಿ. ಎರಡು ಬಾಗಿಲು ದಾಟಿ ಒಳಗೆ. ಮೊದಲಿಗೆ ಏನೂ ಅನ್ನಿಸುವುದಿಲ್ಲ, ಏನೂ ಕಾಣಿಸುವುದಿಲ್ಲ. ಹಳದಿ ಮೋಡದಂತೆ ಏನೋ ಇರುತ್ತದೆ ಅಂದುಕೊಂಡಿದ್ದೆ, ಬರೀ ಆಫೀಸಿನ ಗಾಳಿ. ಹದಿನೈದು ನಿಮಿಷದ ಮೇಲೆ ಅಂಗುಳ ಕೆರೆಯಲು ಶುರು. ಆಮೇಲೆ ಮೂಗು. ಅರ್ಧ ಗಂಟೆಗೆ ಕೋಣೆ ತುಂಬಾ ಸೀನು.

ಕೈಗೊಂದು ಟ್ಯಾಬ್ಲೆಟ್ ಕೊಟ್ಟಿರುತ್ತಾರೆ. ಹದಿನೈದು ನಿಮಿಷಕ್ಕೊಮ್ಮೆ ಅದು ಟಿಣ್ ಅನ್ನುತ್ತದೆ. ಮೂಗು ಸೋರುವುದು, ಕಟ್ಟುವುದು, ತುರಿಕೆ, ಸೀನು, ನಾಲ್ಕಕ್ಕೂ 0ಯಿಂದ 3ರ ತನಕ ಅಂಕ ಕೊಡಬೇಕು. ಒಟ್ಟು 12. ಮೂಗಿನ ಲಕ್ಷಣಗಳ ಈ ಒಟ್ಟು ಅಂಕವನ್ನು ಟಿಎನ್‌ಎಸ್‌ಎಸ್ ಅನ್ನುತ್ತಾರೆ. 2ಕ್ಕೂ 3ಕ್ಕೂ ನಡುವೆ ನಾನು ಪಟ್ಟ ಪಾಡು ಯಾವ ಪರೀಕ್ಷೆಯಲ್ಲೂ ಪಟ್ಟಿಲ್ಲ. ಈಗಲೇ 3 ಕೊಟ್ಟುಬಿಟ್ಟರೆ ಇನ್ನೂ ಜಾಸ್ತಿಯಾದಾಗ ಏನು ಕೊಡಲಿ ಅಂತ ಒಂದೆರಡು ಸಲ ಕಂಜೂಸ್ ಮಾಡಿದೆ. ಪಕ್ಕದವನು ಸೀನಿದರೆ ನನಗೂ ಬರುತ್ತಿತ್ತು. ಹೊತ್ತು ಕಳೆಯಲು ಹಾಸ್ಯದ ಸಿನಿಮಾ ಹಾಕಿದ್ದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದ ಹೊತ್ತಿಗೇ ಟಿಣ್. ಕಣ್ಣಿಗೆ ಬೇರೆಯಾಗಿ ಎಷ್ಟು ಅಂಕ ಅಂತ ಕೇಳಿದರೆ ಯಾವ ನೀರಿಗೆ ಅಂತ ಹೇಳೋದು?

ಮಾತ್ರೆಡಬ್ಬಿ

@ಮೂಗುದಾರ ಕಾಗದದ ಕರವಸ್ತ್ರ ತೂಕ ಹಾಕಿದರಾ?

ಮೂಗುದಾರ

ಹಾಕಿದರು! ನಾಚಿಕೆಗೆ ಬರೆದಿರಲಿಲ್ಲ. ಹೆಸರಿನ ಬದಲು ನಂಬರ್ ಬರೆದ ಪ್ಲಾಸ್ಟಿಕ್ ಚೀಲ ಕೊಟ್ಟು, ಒರೆಸಿದ್ದನ್ನೆಲ್ಲ ಅದರಲ್ಲೇ ಹಾಕಿ ಬಾಯಿ ಮುಚ್ಚಿ ಅಂದರು. ಸ್ವಲ್ಪ ಹೊತ್ತಿಗೊಮ್ಮೆ ಒಬ್ಬಳು ಬಂದು ಚೀಲ ತೆಗೆದುಕೊಂಡು ಹೋಗಿ ತಕ್ಕಡಿಯಲ್ಲಿಟ್ಟು ಬರೆದುಕೊಳ್ಳುತ್ತಿದ್ದಳು, ಚಿನ್ನ ತೂಗುವವಳ ಗಾಂಭೀರ್ಯದಲ್ಲಿ.

ಮಾತ್ರೆಡಬ್ಬಿ

ಅದು ತಮಾಷೆಯಲ್ಲ. ನನಗೆ ಅತಿ ಹೆಚ್ಚು ನಂಬಿಕೆಯಿರುವ ಅಳತೆ ಅದೇ. ಅಂಕ ಮನಸ್ಸಿನ ಮಾತು ಕೇಳುತ್ತದೆ, ಗ್ರಾಂ ಕೇಳುವುದಿಲ್ಲ. ವಿಯೆನ್ನಾದವರು ಅಂಕಗಳ ಜೊತೆಗೆ ಸ್ರಾವದ ತೂಕ ಹಾಗೂ ಮೂಗಿನೊಳಗೆ ಗಾಳಿ ಹರಿಯುವ ವೇಗವನ್ನು ಬಹಳ ಹಿಂದಿನಿಂದ ಅಳೆಯುತ್ತ ಬಂದಿದ್ದಾರೆ. ಪುಟ್ಟ ಕೋಣೆಯ ಲಾಭ ಅದು, ಒಬ್ಬೊಬ್ಬರನ್ನೂ ಹತ್ತಿರದಿಂದ ನೋಡಬಹುದು. ನೂರು ಜನರ ಚೀಲ ಅರ್ಧ ಗಂಟೆಗೊಮ್ಮೆ ತೂಗಲು ಹೋದರೆ ಅದಕ್ಕೇ ಒಂದು ಪಡೆ ಬೇಕಾಗುತ್ತದೆ.

ದೊಡ್ಡ ಹಾಲ್‌ನ ಬಲ ಬೇರೆ. ಅಷ್ಟೂ ಜನ ಒಂದೇ ದಿನ, ಒಂದೇ ಗಾಳಿಯಲ್ಲಿ, ಒಂದೇ ಗಡಿಯಾರಕ್ಕೆ ಮಾತ್ರೆ ನುಂಗುತ್ತಾರೆ. ಎರಡು ಔಷಧಿಗಳಲ್ಲಿ ಯಾವುದು ಬೇಗ ಹಿಡಿಯುತ್ತದೆ ಅಂತ ನೋಡಲು ಅದಕ್ಕಿಂತ ಒಳ್ಳೆ ಏರ್ಪಾಡಿಲ್ಲ. ಕಿಂಗ್‌ಸ್ಟನ್‌ನಲ್ಲಿ ಜೇಮ್ಸ್ ಡೇ ತಂಡ 1990ರ ದಶಕದಲ್ಲಿ ಅಲರ್ಜಿ ಮಾತ್ರೆಗಳಾದ ಸೆಟಿರಿಜಿನ್ ಮತ್ತು ಲೊರಾಟಡಿನ್‌ಗಳನ್ನು ಹೀಗೆ ಎದುರುಬದುರು ನಿಲ್ಲಿಸಿತು. ಮೊದಲನೆಯದು ಒಂದು ಗಂಟೆಗೆ, ಎರಡನೆಯದು ಮೂರು ಗಂಟೆಗೆ ಹಿಡಿಯಿತು. ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತವನಿಗೆ ಇದು ನೇರ ಉಪಯೋಗಕ್ಕೆ ಬರುವ ಸಂಗತಿ.

ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಕೂರಿಸಬೇಡಿ ಅಂತ ಗಾಳಿಪಟ ಹೇಳಿದ್ದು ಸರಿ. ಕೋಣೆಗಳು ಪೈಪೋಟಿಗೆ ಕಟ್ಟಿದ್ದಲ್ಲ, ಒಂದೊಂದು ಒಂದೊಂದು ಪ್ರಶ್ನೆಗೆ ಕಟ್ಟಿದ್ದು.

ಶಂಕೆಶಾಸ್ತ್ರಿ

‘ಒಂದು ಗಂಟೆಗೆ ಹಿಡಿಯಿತು’ ಅನ್ನುವಾಗ ಸ್ವಲ್ಪ ಹುಷಾರು. ಆ ಒಂದು ಗಂಟೆ ಔಷಧಿಯ ಗುಣ ಮಾತ್ರವಲ್ಲ, ಪ್ರಯೋಗದ ಗುಣವೂ ಹೌದು.

ಅಮೆರಿಕದ ಎಫ್‌ಡಿಎ (ಅಲ್ಲಿನ ಔಷಧ ನಿಯಂತ್ರಕ ಸಂಸ್ಥೆ) ಪ್ರಕಾರ ಔಷಧಿ ಹಿಡಿದ ಸಮಯ ಅಂದರೆ, ಪ್ಲಸೀಬೊಗಿಂತ (ಔಷಧಿಯಿಲ್ಲದ ಹುಸಿ ಮಾತ್ರೆಗಿಂತ) ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಮೇಲಾಗಿ ಕಾಣಿಸಿದ ಮೊದಲ ಅಳತೆಯ ಹೊತ್ತು, ಮತ್ತು ಅಲ್ಲಿಂದ ಮುಂದೆ ಆ ವ್ಯತ್ಯಾಸ ಉಳಿಯಬೇಕು. ಈಗ ಯೋಚಿಸಿ. ಅರ್ಧ ಗಂಟೆಗೊಮ್ಮೆ ಅಂಕ ಕೇಳುವ ಕೋಣೆಯಲ್ಲಿ ಹತ್ತು ನಿಮಿಷಕ್ಕೆ ಹಿಡಿಯುವ ಔಷಧಿಯೇ ಇರಲು ಸಾಧ್ಯವಿಲ್ಲ, ಇದ್ದರೂ ಅದು ‘30 ನಿಮಿಷ’ ಅಂತಲೇ ದಾಖಲಾಗುತ್ತದೆ. ಜನ ಹೆಚ್ಚಿದ್ದರೆ ಸಣ್ಣ ವ್ಯತ್ಯಾಸವೂ ಬೇಗ ಕಣ್ಣಿಗೆ ಬೀಳುತ್ತದೆ. ಜನ ಕಡಿಮೆಯಿದ್ದರೆ ಅದೇ ಔಷಧಿ ತಡವಾಗಿ ‘ಹಿಡಿಯುತ್ತದೆ’.

2018ರಲ್ಲಿ ಬಂದ ಒಂಟಾರಿಯೊ ಚೇಂಬರಿನ ಅಧ್ಯಯನ ನೋಡಿ. ಅಜೆಲಾಸ್ಟಿನ್ ಮತ್ತು ಫ್ಲುಟಿಕಸೋನ್ ಸೇರಿಸಿದ ಮೂಗಿನ ಸ್ಪ್ರೇ 5 ನಿಮಿಷಕ್ಕೆ ಹಿಡಿಯಿತು. ಲೊರಾಟಡಿನ್ ಮಾತ್ರೆ ಜೊತೆಗೆ ಬರೀ ಫ್ಲುಟಿಕಸೋನ್ ಸ್ಪ್ರೇ ಕೊಟ್ಟಾಗ ಎರಡೂವರೆ ಗಂಟೆ. ಒಂದೇ ಪ್ರಯೋಗದೊಳಗಿನ ಈ ಅಂತರವನ್ನು ನಾನು ನಂಬುತ್ತೇನೆ. ಆದರೆ ಈ 5 ನಿಮಿಷವನ್ನು ಎತ್ತಿಕೊಂಡು ಹೋಗಿ ಬೇರೆ ಚೇಂಬರಿನ ಬೇರೆ ಔಷಧಿಯ 15 ನಿಮಿಷದ ಪಕ್ಕ ಇಟ್ಟು ‘ಮೂರು ಪಟ್ಟು ವೇಗ’ ಅಂದರೆ ಬಾಗಿಲು ತೋರಿಸುತ್ತೇನೆ. 5 ನಿಮಿಷಕ್ಕೆ ಅಳೆದವರಿಗೆ ಮಾತ್ರ 5 ನಿಮಿಷ ಸಿಗುತ್ತದೆ.

ಅಡಿಟಿಪ್ಪಣಿ

ಅಯ್ಯೋ, ಅದನ್ನೇ ಮಾಡಿ ಇಟ್ಟಿದ್ದೆ. ‘ಹಿಡಿದ ಸಮಯ’ ಅಂತ ಒಂದು ಕಾಲಂ, ಎಲ್ಲ ಕೋಣೆಯದ್ದೂ ಒಟ್ಟಿಗೆ. ಅಳಿಸುತ್ತಿದ್ದೇನೆ.

ಇನ್ನೊಂದು ಅನುಮಾನ. ಪ್ರಯೋಗಕ್ಕೆ ಮೊದಲೇ ಒಂದೆರಡು ಸಲ ಕೋಣೆಗೆ ಕರೆಸಿ ಕೂರಿಸುತ್ತಾರಲ್ಲ, ಔಷಧಿಯೇ ಕೊಡದೆ. ಅದು ಯಾಕೆ?

ಮಾತ್ರೆಡಬ್ಬಿ

ಎರಡು ಕಾರಣ. ಒಂದು, ಮೂಗನ್ನು ಹದಗೊಳಿಸುವುದು. ಹೂವಿನ ಕಾಲ ಶುರುವಾದಾಗ ಮೊದಲ ದಿನದ ಪರಾಗಕ್ಕೆ ಮೂಗು ಅಷ್ಟಾಗಿ ಕೆರಳುವುದಿಲ್ಲ. ದಿನಾ ಬಿದ್ದು ಬಿದ್ದು ಕೆಲವು ದಿನಕ್ಕೆ ಸ್ವಲ್ಪ ಪರಾಗಕ್ಕೂ ಸಿಡಿಯುತ್ತದೆ. ಜಾನ್ ಕಾನೆಲ್ 1960ರ ದಶಕದಲ್ಲೇ ಇದನ್ನು ಅಳೆದು ತೋರಿಸಿದ, ‘ಪ್ರೈಮಿಂಗ್’ ಅನ್ನುವ ಹೆಸರು ಆಗಿನದು. ಚಳಿಗಾಲದಲ್ಲಿ ಬಂದ ಮೂಗು ತಣ್ಣಗಿರುತ್ತದೆ, ಅದನ್ನು ಋತುಮಾನದ ಮೂಗನ್ನಾಗಿ ಮಾಡಬೇಕು. ಎಷ್ಟು ಸಲ, ಎಷ್ಟು ಗಂಟೆ ಹೀಗೆ ಹದಗೊಳಿಸಬೇಕು ಅನ್ನುವುದು ಕೋಣೆಯಿಂದ ಕೋಣೆಗೆ ಬೇರೆ. ನಿಮ್ಮ ಪಟ್ಟಿಗೆ ಇದೂ ಬೇಕು.

ಎರಡನೆಯದು ಜರಡಿ. ಕನಿಷ್ಠ ಇಷ್ಟು ಅಂಕ ಬರಲೇಬೇಕು, ಬರದವರು ಮನೆಗೆ.

ಶಂಕೆಶಾಸ್ತ್ರಿ

ಈ ಜರಡಿಯನ್ನು ಅಷ್ಟು ಹಗುರವಾಗಿ ದಾಟಬೇಡಿ. ಚೇಂಬರಿನ ಫಲಿತಾಂಶ ಅಷ್ಟು ಚೊಕ್ಕವಾಗಿ ಬರುವುದರ ಅರ್ಧ ಗುಟ್ಟು ಇಲ್ಲಿದೆ. ಜೋರಾಗಿ ಸೀನುವವರನ್ನು ಆರಿಸಿಕೊಂಡಿದ್ದೀರಿ, ಎಲ್ಲರಿಗೂ ಒಂದೇ ಪ್ರಮಾಣದ ಪರಾಗ ಕೊಟ್ಟಿದ್ದೀರಿ, ಬೇರೆ ಔಷಧಿ ತೆಗೆದುಕೊಳ್ಳಲು ಬಿಟ್ಟಿಲ್ಲ. ಕಾಣದೆ ಎಲ್ಲಿ ಹೋಗುತ್ತದೆ?

ಉದಾಹರಣೆ ಕೊಡುತ್ತೇನೆ. ಧೂಳಿನ ನುಸಿಯ ಅಲರ್ಜಿಗೆ ನಾಲಿಗೆಯಡಿ ಇಡುವ ಇಮ್ಯುನೊಥೆರಪಿ (ಅಲರ್ಜಿಕಾರಕವನ್ನೇ ಕೊಟ್ಟು ದೇಹವನ್ನು ಪಳಗಿಸುವ ಚಿಕಿತ್ಸೆ) ಮಾತ್ರೆಯೊಂದಿದೆ. ಪರಾಗವಲ್ಲ, ನಿಜ, ಆದರೆ ಕೋಣೆ ಅದೇ ವಿಯೆನ್ನಾದ್ದು. 2015ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ 124 ಜನ. 24 ವಾರ ಮಾತ್ರೆ ತೆಗೆದುಕೊಂಡು ಚೇಂಬರಿನಲ್ಲಿ ಕೂತಾಗ, ಹೆಚ್ಚಿನ ಡೋಸ್ ಪಡೆದವರ ಮೂಗಿನ ಅಂಕ ಪ್ಲಸೀಬೊದವರಿಗಿಂತ ಸುಮಾರು 49 ಶೇಕಡಾ ಕಡಿಮೆ. ಅರ್ಧ ಡೋಸಿಗೆ 27. ಡೋಸ್ ಏರಿದಂತೆ ಫಲ ಏರುವುದು ಎಷ್ಟು ಸ್ಪಷ್ಟ ನೋಡಿ. ಅದೇ ಹೆಚ್ಚಿನ ಡೋಸನ್ನು ಉತ್ತರ ಅಮೆರಿಕದಲ್ಲಿ 1482 ಜನರಿಗೆ ಕೊಟ್ಟು, ಅವರವರ ಮನೆಯಲ್ಲಿ, ಅವರವರ ಹಾಸಿಗೆಯ ನುಸಿಯ ನಡುವೆ ನೋಡಿದಾಗ ವ್ಯತ್ಯಾಸ 17 ಶೇಕಡಾ.

ಯಾವುದು ಸುಳ್ಳು? ಎರಡೂ ಅಲ್ಲ. ಮನೆಯ ಪ್ರಯೋಗದಲ್ಲಿ ಅಳೆದದ್ದು ಲಕ್ಷಣ ಮತ್ತು ಜೊತೆಗೆ ನುಂಗಿದ ಇತರ ಔಷಧಿ ಎರಡನ್ನೂ ಕೂಡಿಸಿದ ಅಂಕ. ಪ್ಲಸೀಬೊ ಪಡೆದವನಿಗೆ ತಡೆಯಲಾಗದಿದ್ದರೆ ಅವನು ಆಂಟಿಹಿಸ್ಟಮಿನ್ ನುಂಗುತ್ತಾನೆ, ಲಕ್ಷಣ ಇಳಿಯುತ್ತದೆ. ಒಬ್ಬರ ಮನೆಯಲ್ಲಿ ನುಸಿ ಹೆಚ್ಚು, ಇನ್ನೊಬ್ಬರಲ್ಲಿ ಇಲ್ಲವೇ ಇಲ್ಲ. ಚೇಂಬರ್ ಹೇಳುವುದು ಔಷಧಿಗೆ ಎಷ್ಟು ತಾಕತ್ತಿದೆ ಅಂತ. ಮನೆ ಹೇಳುವುದು ಅದರಲ್ಲಿ ಎಷ್ಟು ಕೈಗೆ ಸಿಗುತ್ತದೆ ಅಂತ. 49ನ್ನು ಜಾಹೀರಾತಿನಲ್ಲಿ ಹಾಕುವವರ ಮೇಲೆ ನನ್ನ ಸಿಟ್ಟು.

ಗಾಳಿಪಟ

ಒಪ್ಪಿದೆ, ಆದರೆ ನೀವು ಹೇಳುವ ರೀತಿಯಲ್ಲಿ ಚೇಂಬರ್ ಯಾವಾಗಲೂ ಸ್ವಲ್ಪ ಉತ್ಪ್ರೇಕ್ಷೆ ಮಾಡುವ, ಮಿಕ್ಕಂತೆ ಸತ್ಯವಂತ ಗೆಳೆಯನಂತೆ ಕಾಣುತ್ತದೆ.

ಶಂಕೆಶಾಸ್ತ್ರಿ

ಅಲ್ಲ, ಪೂರ್ತಿ ದಾರಿ ತಪ್ಪಿಸಿದ್ದೂ ಇದೆ. ಬೆಕ್ಕಿನ ಅಲರ್ಜಿಗೆ ಸರ್ಕಾಸಿಯಾ ಎಂಬ ಬ್ರಿಟಿಷ್ ಕಂಪನಿ ಪೆಪ್ಟೈಡ್ (ಪ್ರೋಟೀನಿನ ತುಣುಕು) ಚುಚ್ಚುಮದ್ದು ಮಾಡಿತ್ತು. ಕೆನಡಾದಲ್ಲಿ 202 ಜನರ ಚೇಂಬರ್ ಅಧ್ಯಯನ ನಡೆಯಿತು, 2013ರಲ್ಲಿ ಪ್ರಕಟವಾಯಿತು. ನಾಲ್ಕೇ ಚುಚ್ಚುಮದ್ದು, ವರ್ಷದ ಮೇಲೂ ಪರಿಣಾಮ ಉಳಿದಿತ್ತು. ಎಲ್ಲರೂ ಹುಬ್ಬೇರಿಸಿದರು. ಆಮೇಲೆ ಸಾವಿರಕ್ಕೂ ಹೆಚ್ಚು ಜನರ ಮೂರನೇ ಹಂತದ ಪ್ರಯೋಗ, ಬೆಕ್ಕು ಸಾಕಿದವರ ಮನೆಗಳಲ್ಲೇ. 2016ರಲ್ಲಿ ಫಲಿತಾಂಶ ಬಂತು. ಮದ್ದು ಪಡೆದವರ ಅಂಕ ಅರ್ಧಕ್ಕಿಂತ ಕೆಳಗಿಳಿದಿತ್ತು. ಪ್ಲಸೀಬೊ ಪಡೆದವರದ್ದೂ ಅಷ್ಟೇ ಇಳಿದಿತ್ತು. ಕಥೆ ಮುಗಿಯಿತು.

ಮಾತ್ರೆಡಬ್ಬಿ

ಅದನ್ನು ಚೇಂಬರಿನ ತಲೆಗೆ ಕಟ್ಟುವುದು ಪೂರ್ತಿ ನ್ಯಾಯವಲ್ಲ, ಶಾಸ್ತ್ರಿಗಳೇ. ಪ್ಲಸೀಬೊ ಅಷ್ಟು ಮೇಲೇರಿದ ಪ್ರಯೋಗದಲ್ಲಿ ಕೆಲಸ ಮಾಡುವ ಮದ್ದೂ ಮುಳುಗಿ ಹೋಗಬಹುದು. ಮದ್ದು ಸೋತಿತೋ ಪ್ರಯೋಗ ಸೋತಿತೋ ಅಂತ ಅದೊಂದರಿಂದಲೇ ಹೇಳಲಾಗದು.

ಅಷ್ಟಕ್ಕೂ ನಿಯಂತ್ರಕರು ಈ ಜಾಗದಲ್ಲಿ ಎಚ್ಚರವಾಗಿಯೇ ಇದ್ದಾರೆ. ಇಮ್ಯುನೊಥೆರಪಿಗೆ ಯುರೋಪಿನ 2008ರ ಮಾರ್ಗಸೂಚಿ ಚೇಂಬರನ್ನು ಡೋಸ್ ಹುಡುಕುವ ಹಂತಕ್ಕೆ ಒಪ್ಪುತ್ತದೆ, ಕೊನೆಯ ಪುರಾವೆ ಹೊರಗಿನ ನಿಜವಾದ ಋತುವಿನಿಂದಲೇ ಬರಬೇಕು. ಎಫ್‌ಡಿಎ ಕೂಡ ಔಷಧಿ ಹಿಡಿಯುವ ಸಮಯಕ್ಕೆ ಚೇಂಬರನ್ನು ಒಪ್ಪುತ್ತದೆ. ಅದಕ್ಕೆ ಇನ್ನೊಂದು ದಾರಿ ಪಾರ್ಕ್ ಅಧ್ಯಯನ: ಪರಾಗದ ಕಾಲದಲ್ಲಿ ಎಲ್ಲರನ್ನೂ ಒಂದು ಉದ್ಯಾನಕ್ಕೆ ಕರೆದೊಯ್ದು ದಿನವಿಡೀ ಕೂರಿಸುವುದು. ಗಾಳಿ ದಿಕ್ಕು ಬದಲಿಸಿದರೆ, ಮೋಡ ಕವಿದರೆ ಅಂದಿನ ಕೆಲಸ ಅಲ್ಲಿಗೆ ಕೆಟ್ಟಿತು. ಚೇಂಬರಿನ ಬೆಲೆ ತಿಳಿಯಬೇಕಾದರೆ ಅಂಥ ಒಂದು ದಿನ ಸಾಕು.

ಸುಮ್ನೆ_ನೋಡ್ದೋನು

ಬೆಕ್ಕು, ನುಸಿ ಅಂತೆಲ್ಲ ಬಂತಲ್ಲ. ಅದಕ್ಕೂ ಪರಾಗದ ಕೋಣೆಯೇ ಸಾಕಾ? ಮತ್ತೆ ಆಸ್ತಮಾ ಇರೋರು ಒಳಗೆ ಹೋದ್ರೆ ಗತಿ?

ಗಾಳಿಪಟ

ಒಳ್ಳೆ ಪ್ರಶ್ನೆ. ಪರಾಗ ದಪ್ಪ, ಮೂಗಿನಲ್ಲೇ ಸಿಕ್ಕಿಕೊಳ್ಳುತ್ತದೆ. ಬೆಕ್ಕಿನ ಅಲರ್ಜಿಕಾರಕ ಹೊತ್ತ ಕಣಗಳಲ್ಲಿ ಎಷ್ಟೋ 5 ಮೈಕ್ರಾನಿಗಿಂತ ಸಣ್ಣವು. ಗಂಟೆಗಟ್ಟಲೆ ತೇಲುತ್ತವೆ, ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಅದಕ್ಕೆ ಹನಿ ಚಿಮ್ಮಿಸುವ ಯಂತ್ರವೇ ಬೇರೆ, ಎಣಿಸುವ ಯಂತ್ರವೇ ಬೇರೆ. ಕಡ್ಡಿಗೆ ಅಂಟಿಸಿ ಎಣಿಸಲು ಅಲ್ಲಿ ಕಣವೇ ಕಾಣುವುದಿಲ್ಲ, ಸೋಸುಗದಲ್ಲಿ ಹಿಡಿದು ಪ್ರೋಟೀನ್ ಎಷ್ಟಿದೆ ಅಂತ ಅಳೆಯಬೇಕು.

ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಆಲಿಯಾಟೆಕ್ ಎಂಬ ಚೇಂಬರ್ ಇದೆ, ಫ್ರೆಡರಿಕ್ ಡ ಬ್ಲೇ ತಂಡದ್ದು, ಇಪ್ಪತ್ತು ಜನ ಕೂರಬಹುದು. ಅವರು ಹೊರಟಿದ್ದೇ ಅಲರ್ಜಿಯ ಆಸ್ತಮಾ ಅಳೆಯಲು. ಅಲ್ಲಿ ಮೂಗಿನ ಅಂಕ ಎರಡನೆಯದು. ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬರುವ ಉಸಿರಿನ ಪ್ರಮಾಣ, ಅಂದರೆ ಎಫ್‌ಇವಿ1, ಎಷ್ಟು ಕುಸಿಯಿತು ಅನ್ನುವುದೇ ಮುಖ್ಯ ಅಳತೆ. ಬೆಕ್ಕಿನ ಪ್ರೋಟೀನಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರತಿಕಾಯಗಳನ್ನು ಅಲ್ಲೇ ಪರೀಕ್ಷಿಸಿದರು. ಕೋಣೆ ಬಿಟ್ಟ ಮೇಲೂ ತಾಸುಗಟ್ಟಲೆ ಕಣ್ಣಿಡಬೇಕು, ಆಸ್ತಮಾದ ಎರಡನೇ ಅಲೆ ತಡವಾಗಿ ಬರಬಹುದು. ಮೂಗಿನ ಪ್ರಯೋಗ ಮಾಡುವ ಎಷ್ಟೋ ಕಡೆ ಆಸ್ತಮಾ ಜೋರಿರುವವರನ್ನು ಬಾಗಿಲಲ್ಲೇ ತಡೆಯುತ್ತಾರೆ.

ಬರ್ಲಿನ್‌ನ ಶಾರಿಟೆ ಆಸ್ಪತ್ರೆಯ ಗುಂಪಿನದು ಇನ್ನೊಂದು ಜಾತಿ. ಬಿಚ್ಚಿ ಸಾಗಿಸಬಹುದಾದ ಕೋಣೆ, ಒಂಬತ್ತು ಜನಕ್ಕೆ. ಜನರನ್ನು ಕೋಣೆಗೆ ಕರೆಸುವ ಬದಲು ಕೋಣೆಯನ್ನೇ ಜನರ ಬಳಿಗೆ ಒಯ್ಯುವ ಯೋಚನೆ. ಕೆನಡಾದವರೂ ಸಾಗಿಸಬಹುದಾದದ್ದು ಮಾಡಿದ್ದಾರೆ. ಒಂದೇ ಮಾದರಿಯ ಕೋಣೆ ಹಲವು ಊರಿನಲ್ಲಿದ್ದರೆ ಹಲವು ಕೇಂದ್ರಗಳ ಪ್ರಯೋಗ ಸಾಧ್ಯ ಅನ್ನುವುದು ಅದರ ಹಿಂದಿನ ಆಸೆ. ಇಲ್ಲಿಯವರೆಗಿನ ದೊಡ್ಡ ಕೊರತೆಯೇ ಅದು, ಪ್ರತಿ ಕೋಣೆಯೂ ತನ್ನ ಪಾಡಿಗೆ ತಾನೊಂದು ದ್ವೀಪ. ಯುರೋಪಿನ ಅಲರ್ಜಿ ಅಕಾಡೆಮಿ 2017ರಲ್ಲಿ ತಜ್ಞರನ್ನು ಕೂಡಿಸಿ, ಎಲ್ಲರೂ ಒಂದೇ ಅಳತೆಗೋಲಿಗೆ ಬನ್ನಿ ಎಂದು ಬರೆದದ್ದೂ ಇದೇ ಕಾರಣಕ್ಕೆ.

ಒಂದು ಮಾತು ಬಾಕಿ. ಯಾವ ಕೋಣೆಯೂ ಮಾಡಿ ತೋರಿಸಲಾಗದ್ದು ಗುಡುಗು ಮಳೆ. ಹುಲ್ಲಿನ ಪರಾಗ ನೀರು ಕುಡಿದು ಒಡೆದರೆ ಒಳಗಿನ ಪಿಷ್ಟದ ಸಣ್ಣ ಕಣಗಳು ಹೊರಬಿದ್ದು ಶ್ವಾಸಕೋಶಕ್ಕೇ ಇಳಿಯುತ್ತವೆ. ಮೆಲ್ಬರ್ನ್‌ನಲ್ಲಿ 2016ರ ನವೆಂಬರ್ 21ರ ಸಂಜೆ ಸಾವಿರಾರು ಜನ ಉಸಿರು ಸಿಗದೆ ಆಸ್ಪತ್ರೆಗೆ ಓಡಿದ್ದು ಹಾಗೆ. ಒಣಗಿಸಿ, ಜರಡಿ ಹಿಡಿದು, ಡಬ್ಬಿಯಲ್ಲಿಟ್ಟ ಪರಾಗ ಚೇಂಬರಿನಲ್ಲಿ ಇಡಿಯಾಗಿಯೇ ಹಾರುತ್ತದೆ.

ಅಡಿಟಿಪ್ಪಣಿ

ಪಟ್ಟಿ ಕಿತ್ತು ಮತ್ತೆ ಕಟ್ಟಿದೆ. ಮೊದಲ ಕಾಲಂ: ಈ ಕೋಣೆ ಯಾವ ಪ್ರಶ್ನೆಗೆ ಕಟ್ಟಿದ್ದು. ಆಮೇಲೆ ಎಷ್ಟು ನಿಮಿಷಕ್ಕೊಮ್ಮೆ ಅಳೆಯುತ್ತಾರೆ, ಅಂಕದ ಜೊತೆ ಬೇರೇನು ಅಳೆಯುತ್ತಾರೆ, ಮೊದಲೇ ಎಷ್ಟು ಸಲ ಕೂರಿಸುತ್ತಾರೆ, ಜರಡಿಯ ಅಂಕ ಎಷ್ಟು, ಒಂದೇ ದಿನವೋ ತಂಡ ತಂಡವಾಗಿಯೋ, ಕುರ್ಚಿಗಳ ನಡುವಿನ ಏರುಪೇರು. ಘನ ಮೀಟರಿಗೆ ಎಷ್ಟು ಕಣ ಅನ್ನುವುದು ಕಟ್ಟಕಡೆಗೆ ಹೋಯಿತು, ಪಕ್ಕದಲ್ಲಿ ಯಾವ ಗಿಡ ಅಂತಲೂ ಬರೆದಿದ್ದೇನೆ. ಒಂದು, ಎರಡು, ಮೂರು ಅನ್ನುವ ಸ್ಥಾನ ತೆಗೆದುಹಾಕಿದೆ. ಗುಂಪಿನಲ್ಲಿ ಒಬ್ಬರು ಖಂಡಿತ ಕೇಳುತ್ತಾರೆ, ‘ಹಾಗಾದರೆ ಯಾವುದು ಒಳ್ಳೆಯದು?’ ಅಂತ.

ಶಂಕೆಶಾಸ್ತ್ರಿ

‘ಯಾವುದಕ್ಕೆ?’ ಅಂತ ತಿರುಗಿ ಕೇಳಿ. ಅದಕ್ಕೆ ಉತ್ತರ ಹೇಳಿದರೆ ನೀವೂ ಹೇಳಿ.

ಸುಮ್ನೆ_ನೋಡ್ದೋನು

@ಮೂಗುದಾರ ಕೊನೆಗೆ ನಿಮಗೆ ಸಿಕ್ಕಿದ್ದು ಔಷಧಿನಾ, ಪ್ಲಸೀಬೊನಾ?

ಮೂಗುದಾರ

ಇವತ್ತಿಗೂ ಹೇಳಿಲ್ಲ. ಮಾತ್ರೆ ನುಂಗಿ ಒಂದೂವರೆ ಗಂಟೆಗೆ ಮೂಗು ಒಣಗುತ್ತ ಬಂತು, ಸೋರುವುದಕ್ಕೆ 3 ಕೊಡುತ್ತಿದ್ದವನು 1ಕ್ಕೆ ಇಳಿದೆ. ಔಷಧಿಯೇ ಬಿತ್ತು, ಅದೃಷ್ಟ ಅಂದುಕೊಂಡೆ. ಹೊರಗೆ ಬಂದು ನಿಲುವಂಗಿ ಕಳಚುವಾಗ ಪಕ್ಕದ ಕುರ್ಚಿಯವನೂ ಅದನ್ನೇ ಹೇಳಿದ, ಅವನ ಹಿಂದಿನವಳೂ. ಚೀಲ ತೂಗಿದವಳನ್ನು ಕೇಳಿದೆವು. ‘ನನಗೂ ಗೊತ್ತಿಲ್ಲ, ನಿಮ್ಮ ನಂಬರ್ ಮಾತ್ರ ಗೊತ್ತು’ ಅಂದಳು.